ತಾಳ ತಪ್ಪಿದ್ದು ಅವನಲ್ಲ, ನನ್ನ ಲ್ಯಾಪ್‌ಟಾಪ್

‘ನೀನು ಪ್ರತಿ ಮಾತ್ರೆಗೂ ಹಿಂದೆ ಬೀಳ್ತಿದೀಯ ಕಣೋ. ಕೇಳಿಸ್ತಾ ಇಲ್ವಾ?’

ಈ ಮಾತನ್ನು ನಾನು ಇಬ್ಬರ ಎದುರಿಗೆ ಹೇಳಿದ್ದೆ. ಅವತ್ತು ಅದು ತಪ್ಪು ಅಂತ ಅನಿಸಿರಲಿಲ್ಲ. ನಾವು ಡಿಗ್ರಿ ಕೊನೆಯ ವರ್ಷದಲ್ಲಿದ್ದೆವು. ಅಂತರ ಕಾಲೇಜು ಭಾವಗೀತೆ ಸ್ಪರ್ಧೆಯ ಮೊದಲ ಸುತ್ತಿಗೆ ಹಾಡನ್ನು ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಹಾಡುವವಳು ನನ್ನ ರೂಮ್‌ಮೇಟ್, ಕೀಬೋರ್ಡ್ ನನ್ನದು, ತಬಲಾ ಭದ್ರಾವತಿಯಿಂದ ದಿನಾ ಶಿವಮೊಗ್ಗಕ್ಕೆ ಬಂದು ಹೋಗುವ ಕ್ಲಾಸ್‌ಮೇಟ್‌ದು. (ಈ ಲೇಖನ ಬರೆಯಲು ಅವನು ಒಪ್ಪಿದ್ದಾನೆ. ಹೆಸರು ಮಾತ್ರ ಹಾಕಬೇಡ ಅಂದಿದ್ದಾನೆ.) ಹಾಡು ಮತ್ತು ಕೀಬೋರ್ಡನ್ನು ನಾವಿಬ್ಬರೂ ಭಾನುವಾರ ಒಟ್ಟಿಗೇ ಕೂತು ಒಂದೇ ಸಲಕ್ಕೆ ರೆಕಾರ್ಡ್ ಮಾಡಿದೆವು. ಅವನು ಸೋಮವಾರ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಮ್ಮ ಹಾಡನ್ನು ಕೇಳುತ್ತಾ ಅದರ ಮೇಲೆ ತಬಲಾ ನುಡಿಸಿದ.

ನುಡಿಸಿ ಮುಗಿಸಿದಾಗ ಅವನ ಮುಖದಲ್ಲಿ ಸಮಾಧಾನವಿತ್ತು. ಎರಡೂ ಟ್ರ್ಯಾಕ್ ಒಟ್ಟಿಗೆ ಹಾಕಿ ಕೇಳಿದರೆ ತಬಲಾ ಹಾಡಿನ ಹಿಂದೆ ಹಿಂದೆ ಬರುತ್ತಿತ್ತು. ತೀರಾ ಬೇರೆ ತಾಳ ಅಂತಲ್ಲ, ಕಾಲೆಳೆದುಕೊಂಡು ನಡೆದ ಹಾಗೆ. ಮತ್ತೆ ನುಡಿಸಿದ. ಮತ್ತೆ ಅದೇ. ‘ನುಡಿಸೋವಾಗ ಸರಿಯಾಗೇ ಇತ್ತಲ್ಲೇ’ ಅಂದ. ಆರು ಟೇಕ್ ಆಯಿತು. ಆಗಲೇ ನಾನು ಮೇಲಿನ ಮಾತು ಹೇಳಿದ್ದು. ಏಳನೇ ಟೇಕ್ ಇನ್ನೂ ಕೆಟ್ಟದಾಗಿ ಬಂತು, ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ‘ಈಗಂತೂ ಪೂರ್ತಿ ಹಾಳಾಯ್ತು’ ಅಂದೆ. ಅವನು ಮಾತಾಡದೆ ತಬಲಾವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಂಜೆಯ ಬಸ್ ಹತ್ತಿದ. ನಾನು ಮೊಬೈಲ್ ಆ್ಯಪ್‌ನ ತಬಲಾ ಲೂಪ್ ಹಾಕಿ ಹಾಡನ್ನು ಕಳಿಸಿದೆ. ನಾವು ಎರಡನೇ ಸುತ್ತಿಗೂ ಹೋಗಲಿಲ್ಲ.

ಅದು ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಅವನು ಆ ವರ್ಷ ತಾಳವಾದ್ಯದ ಸೀನಿಯರ್ ಪರೀಕ್ಷೆಗೆ ಕಟ್ಟಿದ್ದ. ಪರೀಕ್ಷೆಗೆ ಹೋಗಲಿಲ್ಲ. ಒಂಬತ್ತು ವರ್ಷ ಕಲಿತ ಮೇಲೆ ತನಗೆ ಲಯವೇ ಇಲ್ಲ ಅಂತ ಅವನಿಗೆ ಅನ್ನಿಸಿಬಿಟ್ಟಿತ್ತು ಅನ್ನೋದು ನನಗೆ ಬಹಳ ತಡವಾಗಿ, ಇನ್ಯಾರಿಂದಲೋ ಗೊತ್ತಾಯಿತು.

ಆಮೇಲೆ ನಾಲ್ಕು ತಿಂಗಳಿಗೆ, ಅಮ್ಮನಿಗೆ ಇಷ್ಟವಾದ ಒಂದು ಹಾಡನ್ನು ನಾನೇ ಕೀಬೋರ್ಡ್ ನುಡಿಸಿ, ಅದರ ಮೇಲೆ ನಾನೇ ಹಾಡಿ ರೆಕಾರ್ಡ್ ಮಾಡಿದೆ. ಕೇಳಿದರೆ ನಾನೂ ಹಿಂದೆ! ಅದೇ ಕಾಲೆಳೆಯುವ ನಡಿಗೆ. ಮೂರು ಸಲ ಹಾಡಿದೆ, ಮೂರು ಸಲವೂ ಅಷ್ಟೇ ಹಿಂದೆ. ಅಷ್ಟೇ, ಅಂದರೆ ಅಳೆದು ಕೊಟ್ಟ ಹಾಗೆ ಅಷ್ಟೇ. ಮನುಷ್ಯ ತಪ್ಪುವುದು ಹೀಗಲ್ಲ. ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಸರಿಯಾಗಿ ಬೀಳುತ್ತೇವೆ. ಪ್ರತಿ ಸಲವೂ ಒಂದೇ ಅಳತೆಯಲ್ಲಿ ತಪ್ಪಬೇಕಾದರೆ ಅದು ಯಂತ್ರವೇ ಇರಬೇಕು. ಹಳೆಯ ಫೈಲ್ ತೆರೆದೆ. ಅವನ ಮೊದಲ ಆರು ಟೇಕ್‌ಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಆರೂ ಒಂದೇ ಗೆರೆಯಲ್ಲಿ ನಿಂತಿದ್ದವು. ಆ ರಾತ್ರಿ ನಿದ್ದೆ ಬರಲಿಲ್ಲ.

ಈ ತಡಕ್ಕೆ ಲೇಟೆನ್ಸಿ ಅನ್ನುತ್ತಾರೆ. ನಮ್ಮೂರಿನ ಟೆಂಪೊ ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೈಕ್‌ನಿಂದ ಬಂದ ಸದ್ದನ್ನು ಕಂಪ್ಯೂಟರ್ ಸೆಕೆಂಡಿಗೆ 44,100 ಚೂರುಗಳಾಗಿ ಕತ್ತರಿಸುತ್ತದೆ. ಒಂದೊಂದು ಚೂರನ್ನೂ ಬಂದ ತಕ್ಷಣ ಪ್ರೊಸೆಸರ್‌ಗೆ ಕಳಿಸುವುದಿಲ್ಲ. ಸೀಟು ತುಂಬುವವರೆಗೆ ಹೊರಡದ ಟೆಂಪೊದಂತೆ ಬಫರ್ ಎಂಬ ಗಾಡಿಯಲ್ಲಿ ಕೂರಿಸಿಕೊಂಡು, ತುಂಬಿದ ಮೇಲೆ ಕಳಿಸುತ್ತದೆ. 1024 ಸೀಟಿನ ಗಾಡಿಯಾದರೆ ತುಂಬಲು 23 ಮಿಲಿಸೆಕೆಂಡ್ ಬೇಕು. 128 ಸೀಟಿನದಾದರೆ 3 ಮಿಲಿಸೆಕೆಂಡ್ ಸಾಕು. ಹೋಗುವಾಗ ಒಂದು ಗಾಡಿ, ಬರುವಾಗ ಇನ್ನೊಂದು. ಜೊತೆಗೆ ಸದ್ದನ್ನು ಅಂಕಿಯಾಗಿಸುವ, ಅಂಕಿಯನ್ನು ಮತ್ತೆ ಸದ್ದಾಗಿಸುವ ಚಿಪ್‌ನ ಸಮಯ, ಡ್ರೈವರ್ ತನ್ನ ಭದ್ರತೆಗೆ ಅಂತ ಒಳಗೇ ಇಟ್ಟುಕೊಳ್ಳುವ ಸಮಯ, ಆಪರೇಟಿಂಗ್ ಸಿಸ್ಟಮ್‌ನದು ಇನ್ನಷ್ಟು.

ಹಾಗಾದರೆ ಎಲ್ಲದಕ್ಕೂ ಸಣ್ಣ ಗಾಡಿ ಇಟ್ಟರಾಯಿತಲ್ಲ ಅನ್ನಬಹುದು. ಸಣ್ಣ ಗಾಡಿ ಪದೇ ಪದೇ ಹೊರಡಬೇಕು, ಚಾಲಕ ಒಂದು ಕ್ಷಣವೂ ಚಹಾ ಕುಡಿಯಲು ಇಳಿಯುವಂತಿಲ್ಲ. ವೈಫೈ ಡ್ರೈವರೋ ಇನ್ನೇನೋ ಪ್ರೊಸೆಸರ್‌ನ ಗಮನವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡರೂ ಗಾಡಿ ತಪ್ಪುತ್ತದೆ, ಸದ್ದಿನಲ್ಲಿ ಪಟ್ ಪಟ್ ಎಂಬ ಒಡಕು ಕೇಳುತ್ತದೆ.

ಎಷ್ಟು ತಡವನ್ನು ಸಹಿಸಬಹುದು? ಗಾಳಿಯಲ್ಲಿ ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. 10 ಮಿಲಿಸೆಕೆಂಡ್ ಅಂದರೆ ವೇದಿಕೆ ಮೇಲೆ ತಬಲಾದವರಿಂದ ಮೂರೂವರೆ ಮೀಟರ್ ದೂರ ಕೂತ ಹಾಗೆ. ಅಷ್ಟಕ್ಕೆ ಯಾರೂ ಗೊಣಗುವುದಿಲ್ಲ. 100 ಮಿಲಿಸೆಕೆಂಡ್ ಅಂದರೆ 34 ಮೀಟರ್, ಗಾಯಕಿ ವೇದಿಕೆ ಮೇಲೆ, ತಬಲಾ ಪಾರ್ಕಿಂಗ್ ಜಾಗದಲ್ಲಿ.

ನಾನು ಬಳಸಿದ್ದು ಆಡಾಸಿಟಿ. ಉಚಿತ, ಓಪನ್ ಸೋರ್ಸ್, ನಮ್ಮಂಥವರಿಗೆ ವರದಾನ. ಈ ತಡ ಇರುತ್ತದೆ ಅಂತ ಅದಕ್ಕೆ ಗೊತ್ತು. ಹಾಗಾಗಿ ಹೊಸದಾಗಿ ರೆಕಾರ್ಡ್ ಆದ ಟ್ರ್ಯಾಕನ್ನು ತಾನೇ ಸ್ವಲ್ಪ ಹಿಂದಕ್ಕೆ ಎಳೆದು ಕೂರಿಸುತ್ತದೆ. ಎಷ್ಟು ಅನ್ನುವುದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ತುಂಬಿರುವ ಅಂಕಿ ಮೈನಸ್ 130 ಮಿಲಿಸೆಕೆಂಡ್. ಅದು ಅಂದಾಜು. ನಿಮ್ಮ ಯಂತ್ರದ ನಿಜವಾದ ಅಂಕಿಯನ್ನು ನೀವೇ ಅಳೆದು ಹಾಕಿಕೊಳ್ಳಬೇಕು. ಅದನ್ನು ಅವರು ಮ್ಯಾನ್ಯುಯಲ್‌ನಲ್ಲಿ ಬರೆದೂ ಇಟ್ಟಿದ್ದಾರೆ. ಓದದೇ ಇದ್ದದ್ದು ನಾನು.

ಅಳೆಯುವ ಕ್ರಮಕ್ಕೆ ಲೂಪ್‌ಬ್ಯಾಕ್ ಪರೀಕ್ಷೆ ಎಂದು ಹೆಸರು. ಕಂಪ್ಯೂಟರ್‌ನ ಹೆಡ್‌ಫೋನ್ ತೂತಿನಿಂದ ಮೈಕ್ ತೂತಿಗೆ ಒಂದು ವೈರ್ ಹಾಕಬೇಕು, ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವ ಹಾಗೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎರಡಕ್ಕೂ ಒಂದೇ ತೂತು ಇರುವುದರಿಂದ ಅದನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ಬೇಕು. ನೆಹರೂ ರಸ್ತೆಯ ಅಂಗಡಿಯಲ್ಲಿ ಸ್ಪ್ಲಿಟರ್, ವೈರ್ ಎರಡೂ ಸೇರಿ ಇನ್ನೂರು ರೂಪಾಯಿ ಒಳಗೆ ಸಿಕ್ಕವು. ‘ಎರಡೂ ಕಡೆ ಒಂದೇ ಥರ ಪಿನ್ ಯಾಕಮ್ಮ?’ ಅಂತ ಅಂಗಡಿಯವರು ಕೇಳಿದ್ದಕ್ಕೆ ಉತ್ತರ ಹೇಳಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಟಕ್ ಟಕ್ ಎನ್ನುವ ಒಂದು ಟ್ರ್ಯಾಕ್ ಮಾಡಿಕೊಂಡು, ಆ ಮೈನಸ್ 130ನ್ನು ಸೊನ್ನೆ ಮಾಡಿ, ಟಕ್ ಅನ್ನು ನುಡಿಸುತ್ತಲೇ ರೆಕಾರ್ಡ್ ಮಾಡಬೇಕು. ದೊಡ್ಡದು ಮಾಡಿ ನೋಡಿದರೆ ಹೋದ ಟಕ್ ಮತ್ತು ಬಂದ ಟಕ್ ನಡುವಿನ ಅಂತರ ಕಣ್ಣಿಗೆ ಕಾಣುತ್ತದೆ. ಅದೇ ಲೇಟೆನ್ಸಿ.

ನನ್ನದು 212 ಬಂತು.

212ರಲ್ಲಿ 130 ಕಳೆದರೆ 82. ನಮ್ಮ ಹಾಡಿನ ವೇಗ ನಿಮಿಷಕ್ಕೆ 90 ಮಾತ್ರೆ, ಅಂದರೆ ಒಂದು ಮಾತ್ರೆಗೆ 667 ಮಿಲಿಸೆಕೆಂಡ್. ಒಂದು ಮಾತ್ರೆಯಲ್ಲಿ ನಾಲ್ಕು ಬೋಲ್ ನುಡಿಸಿದರೆ ಒಂದೊಂದಕ್ಕೂ 167. ಅದರಲ್ಲಿ 82 ಅಂದರೆ ಹೆಚ್ಚು ಕಡಿಮೆ ಅರ್ಧ ಬೋಲ್. ಅವನು ಬಾರಿಸಿದ ಪ್ರತಿ ಬೋಲನ್ನೂ ನನ್ನ ಲ್ಯಾಪ್‌ಟಾಪ್ ಅರ್ಧ ಬೋಲ್ ಹಿಂದಕ್ಕೆ ತಳ್ಳಿ ಕೂರಿಸಿತ್ತು. ಹಾಡು ಮತ್ತು ಕೀಬೋರ್ಡ್ ಒಟ್ಟಿಗೇ ರೆಕಾರ್ಡ್ ಆದದ್ದರಿಂದ ಅವು ಒಂದಕ್ಕೊಂದು ಸರಿಯಾಗಿದ್ದವು. ಮೇಲಿಂದ ಸೇರಿದ ಅವನೊಬ್ಬನೇ ಸಿಕ್ಕಿಬಿದ್ದಿದ್ದ.

ಬೆಳಿಗ್ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿ, ‘ಬಿಡೇ. ನಿನ್ ಲ್ಯಾಪ್‌ಟಾಪ್ ಮೇಲೆ ಹಾಕಿ ನನ್ನ ಸಮಾಧಾನ ಮಾಡೋದು ಬೇಡ’ ಅಂದ. ‘ಎಲ್ಲರೂ ಲ್ಯಾಪ್‌ಟಾಪಲ್ಲೇ ಮಾಡ್ತಾರೆ. ಎಲ್ಲರದ್ದೂ ಹಿಂದೆ ಬೀಳುತ್ತಾ?’

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಲ್ಯಾಪ್‌ಟಾಪ್, ಒಂದು ಅಂಕಿ. ಹೀಗೆ ಶುರುವಾಯಿತು ನನ್ನ ಸಂಗ್ರಹ. ಒಂದು ಆನ್‌ಲೈನ್ ಶೀಟ್ ಮಾಡಿ, ಪರೀಕ್ಷೆ ಮಾಡುವ ವಿಧಾನವನ್ನು ಕನ್ನಡದಲ್ಲಿ ಬರೆದು, ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ‘ನಿಮ್ಮ ಕಂಪ್ಯೂಟರ್ ಎಷ್ಟು ತಡ ಮಾಡುತ್ತದೆ, ಅಳೆದು ಬರೆಯಿರಿ’ ಅಂತ.

ಮೊದಲ ವಾರ ಬಂದದ್ದು ಒಂಬತ್ತು ಸಾಲು. ಒಬ್ಬ 0.19 ಅಂತ ಬರೆದ, ಸೆಕೆಂಡೋ ಮಿಲಿಸೆಕೆಂಡೋ ಹೇಳಲಿಲ್ಲ. ಒಬ್ಬಳು ‘ನಂದು ಸೂಪರ್ ಫಾಸ್ಟ್’ ಅಂತ ಬರೆದಳು. ಮೂವರು 5.8 ಅಂತ ಹಾಕಿದರು, ಮೂವರದ್ದೂ ಬೇರೆ ಬೇರೆ ಕಂಪನಿಯ ಲ್ಯಾಪ್‌ಟಾಪ್. ನನಗೆ ಅನುಮಾನ ಬಂದು ಲೆಕ್ಕ ಹಾಕಿದೆ: 256ನ್ನು 44,100ರಿಂದ ಭಾಗಿಸಿದರೆ 5.8 ಮಿಲಿಸೆಕೆಂಡ್. ಅಂದರೆ ಅವರು ಅಳೆದಿರಲಿಲ್ಲ. ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ನಲ್ಲಿ 256 ಅಂತ ಆಯ್ಕೆ ಮಾಡಿದಾಗ ಪಕ್ಕದಲ್ಲಿ ತೋರಿಸುವ ಅಂಕಿಯನ್ನೇ ಬರೆದಿದ್ದರು. ಅದು ಬರೀ ಒಂದು ಗಾಡಿ ತುಂಬುವ ಸಮಯ. ಹೋಗಿ ಬರುವ ಇಡೀ ಪ್ರಯಾಣದ್ದಲ್ಲ.

ಅವರದ್ದೂ ತಪ್ಪಲ್ಲ. ಪರದೆಯ ಮೇಲೆ ಪಾಯಿಂಟ್ ಹಾಕಿ ಅಂಕಿ ತೋರಿಸಿದರೆ ಯಾರಾದರೂ ನಂಬುತ್ತಾರೆ. ಅದಕ್ಕೇ ಶೀಟ್‌ನಲ್ಲಿ ಎರಡು ಕಾಲಂ ಮಾಡಿದೆ. ಒಂದರ ಹೆಸರು ‘ಯಂತ್ರ ಹೇಳಿದ್ದು’, ಇನ್ನೊಂದರದ್ದು ‘ವೈರ್ ಹೇಳಿದ್ದು’. ಇಡೀ ಶೀಟ್‌ನಲ್ಲಿ ನನಗೆ ಇವತ್ತಿಗೂ ಇಷ್ಟವಾದದ್ದು ಈ ಎರಡು ಕಾಲಂಗಳ ನಡುವಿನ ಜಗಳ. ಹೆಚ್ಚಿನವರಲ್ಲಿ ವೈರ್ ಹೇಳಿದ್ದೇ ಜಾಸ್ತಿ. ಯಂತ್ರ 12 ಅಂದಲ್ಲಿ ವೈರ್ 21 ಅಂದದ್ದಿದೆ, ಯಂತ್ರ 12 ಅಂದಲ್ಲೇ ವೈರ್ 40 ಅಂದದ್ದೂ ಇದೆ.

ಆಮೇಲೆ ಕಾಲಂಗಳು ಬೆಳೆಯುತ್ತಾ ಹೋದವು. ಯಾವ ಆಪರೇಟಿಂಗ್ ಸಿಸ್ಟಮ್, ಒಳಗಿನ ಸೌಂಡ್ ಕಾರ್ಡೋ ಹೊರಗಿನ ಯುಎಸ್‌ಬಿ ಪೆಟ್ಟಿಗೆಯೋ, ಯಾವ ಡ್ರೈವರ್, ಬಫರ್ ಎಷ್ಟು, ಚಾರ್ಜರ್ ಹಾಕಿತ್ತೋ ಇಲ್ಲವೋ. ಡ್ರೈವರ್ ಕಾಲಂ ಇಲ್ಲದೆ ಬಂದ ಸಾಲುಗಳು ಯಾವ ಕೆಲಸಕ್ಕೂ ಬರುವುದಿಲ್ಲ ಅನ್ನುವುದು ಬೇಗನೇ ಗೊತ್ತಾಯಿತು. ಏಕೆಂದರೆ ವಿಂಡೋಸ್‌ನಲ್ಲಿ ಒಂದೇ ಲ್ಯಾಪ್‌ಟಾಪ್‌ಗೆ ಸದ್ದು ಹೋಗಲು ಹಲವು ದಾರಿಗಳಿವೆ. ಹಳೆಯದು ಎಂಎಂಇ, ವಿಸ್ತಾ ಕಾಲದಲ್ಲಿ ಬಂದದ್ದು ವಾಸಾಪಿ, ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದದ್ದು ಆಸಿಯೊ. ಆಸಿಯೊ ವಿಂಡೋಸ್‌ನ ನಡುವಿನ ಹಲವು ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ಸೌಂಡ್ ಕಾರ್ಡ್ ಹತ್ತಿರ ಹೋಗುತ್ತದೆ. ನನ್ನ 212 ಬಂದದ್ದು ಎಂಎಂಇ ದಾರಿಯಲ್ಲಿ. ಅದೇ ಲ್ಯಾಪ್‌ಟಾಪ್‌ನಲ್ಲಿ, ಅದೇ ವೈರ್ ಹಾಕಿ, ಬೇರೊಂದು ಸಾಫ್ಟ್‌ವೇರ್‌ನಲ್ಲಿ ಆಸಿಯೊ4ಆಲ್ ಎಂಬ ಉಚಿತ ಡ್ರೈವರ್ ಮೂಲಕ ಅಳೆದಾಗ 31 ಬಂತು. ಹೊಸದಾಗಿ ಒಂದು ರೂಪಾಯಿ ಖರ್ಚಿಲ್ಲ.

ಹಾಗಂತ ದುಬಾರಿಯಾದದ್ದೆಲ್ಲ ಚೆನ್ನಾಗಿರುತ್ತದೆ ಅಂತಲೂ ಇಲ್ಲ. ಶೀಟ್‌ನ ಅತಿ ಕಡಿಮೆ ಅಂಕಿಗಳಲ್ಲೊಂದು ಎಂಟು ವರ್ಷ ಹಳೆಯ, ಸ್ಕ್ರೀನ್ ಬಿರುಕು ಬಿಟ್ಟ, ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ದು. ಅದಕ್ಕೊಂದು ಸೆಕೆಂಡ್‌ಹ್ಯಾಂಡ್ ಯುಎಸ್‌ಬಿ ಸೌಂಡ್ ಕಾರ್ಡ್, ಜೊತೆಗೆ ಪಾಲ್ ಡೇವಿಸ್ ಎಂಬವರು ಕಟ್ಟಿದ ಜ್ಯಾಕ್ ಎಂಬ ಸಾಫ್ಟ್‌ವೇರ್. ಬಂದದ್ದು 11. ಅದೇ ವಾರ ಗೇಮಿಂಗ್‌ಗೆಂದು ಲಕ್ಷ ಕೊಟ್ಟು ತಗೊಂಡ ಲ್ಯಾಪ್‌ಟಾಪ್‌ನವನು ಬಫರ್ ಇಳಿಸಿದ ತಕ್ಷಣ ಪಟ್ ಪಟ್ ಸದ್ದು ಅಂತ ಗೋಳಾಡುತ್ತಿದ್ದ. ಲೇಟೆನ್ಸಿಮಾನ್ ಎಂಬ ಉಚಿತ ಸಾಧನ ಹಾಕಿ ನೋಡಿದರೆ ವೈಫೈ ಡ್ರೈವರ್ ಪದೇ ಪದೇ ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ವೈಫೈ ಆಫ್ ಮಾಡಿದ, ಸದ್ದು ನಿಂತಿತು. ‘ಲಕ್ಷ ಕೊಟ್ಟು ಇಂಟರ್‌ನೆಟ್ ಇಲ್ಲದೆ ಕೂರಬೇಕಾ?’ ಅಂತ ರಿಮಾರ್ಕ್ಸ್ ಕಾಲಂನಲ್ಲಿ ಬರೆದ. ಅಳಿಸದೆ ಹಾಗೇ ಬಿಟ್ಟಿದ್ದೇನೆ.

ಬ್ಲೂಟೂತ್ ಇಯರ್‌ಬಡ್‌ಗಳ ವಿಷಯ ಹೇಳಲೇಬೇಕು, ಯಾಕೆಂದರೆ ನಾವೆಲ್ಲ ಅದನ್ನೇ ಕಿವಿಗೆ ಹಾಕಿಕೊಂಡು ರೀಲ್ಸ್‌ಗೆ ಹಾಡುತ್ತೇವೆ. ಸದ್ದನ್ನು ಕುಗ್ಗಿಸಿ, ಪೊಟ್ಟಣ ಕಟ್ಟಿ, ಗಾಳಿಯಲ್ಲಿ ಕಳಿಸಿ, ಆ ಕಡೆ ಬಿಚ್ಚಬೇಕು. ಶೀಟ್‌ಗೆ ಬಂದ ಬ್ಲೂಟೂತ್ ಸಾಲುಗಳಲ್ಲಿ ಹೆಚ್ಚಿನವು 200 ದಾಟಿದ್ದವು. ಸಿನಿಮಾ ನೋಡುವಾಗ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುವುದರಿಂದ ನಮಗೆ ಗೊತ್ತಾಗುವುದಿಲ್ಲ. ಹಾಡುವಾಗ ಮಾತ್ರ ಮುಚ್ಚಿಡುವ ದಾರಿ ಇಲ್ಲ. ರೆಕಾರ್ಡಿಂಗ್‌ಗೆ ಐವತ್ತು ರೂಪಾಯಿಯ ವೈರಿನ ಇಯರ್‌ಫೋನೇ ಮೇಲು.

ಸಾಗರದ ಹುಡುಗನೊಬ್ಬ ಬೇರೆಯದೇ ಪ್ರಶ್ನೆ ತಂದ. ಕೊರೊನಾ ಲಾಕ್‌ಡೌನ್‌ನಲ್ಲಿ ಅವನ ಚಿಕ್ಕಪ್ಪ ಮತ್ತು ಗೆಳೆಯರು ವಿಡಿಯೊ ಕಾಲ್‌ನಲ್ಲಿ ಯಕ್ಷಗಾನದ ಪದ ಹೇಳಲು ಹೋಗಿದ್ದರಂತೆ, ಭಾಗವತರು ಒಂದೂರಲ್ಲಿ, ಮದ್ದಳೆ ಇನ್ನೊಂದೂರಲ್ಲಿ. ಹಾಡು ನಿಧಾನವಾಗುತ್ತಾ ಆಗುತ್ತಾ ಕೊನೆಗೆ ನಿಂತೇ ಹೋಯಿತಂತೆ. ಇದು ಅವರೊಬ್ಬರ ಕಥೆಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ ಇಬ್ಬರಿಂದ ಚಪ್ಪಾಳೆ ತಟ್ಟಿಸಿ, ನಡುವಿನ ತಡವನ್ನು ಹೆಚ್ಚು ಕಡಿಮೆ ಮಾಡಿ ನೋಡಿದ್ದರು. ತಡ ಹೆಚ್ಚಾದಷ್ಟೂ ಲಯ ಕುಸಿಯಿತು. ವಿಚಿತ್ರ ಅಂದರೆ ತಡ ತೀರಾ ಕಡಿಮೆಯಾದಾಗ ಇಬ್ಬರೂ ಗೊತ್ತಿಲ್ಲದೆ ವೇಗ ಹೆಚ್ಚಿಸಿಕೊಂಡರು. ಒಬ್ಬರಿಗೊಬ್ಬರು ಕಾಯುವುದು ನಮ್ಮ ಸ್ವಭಾವ. ತಡವಾಗಿ ಕೇಳಿದರೆ ಆತನಿಗಾಗಿ ನಾನು, ನನಗಾಗಿ ಆತ ಕಾಯುತ್ತಾ ಹೋಗುತ್ತೇವೆ. ದೂರದಿಂದಲೇ ಒಟ್ಟಿಗೆ ನುಡಿಸಲು ಜಾಮ್ಯುಲಸ್, ಸೊನೊಬಸ್, ಜ್ಯಾಕ್‌ಟ್ರಿಪ್‌ನಂಥ ಸಾಫ್ಟ್‌ವೇರ್‌ಗಳಿವೆ. ಆದರೆ ಅವೂ ಮೊದಲು ಕೇಳುವುದು ನಿಮ್ಮ ಸ್ವಂತ ಕಂಪ್ಯೂಟರ್ ಎಷ್ಟು ತಡ ಮಾಡುತ್ತದೆ ಅಂತಲೇ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಒಂದು ಮಾಡೆಲ್‌ಗೆ 340 ಅಂತ ಸಾಲು ಬಂದಿತ್ತು. ನಾನು ಅದನ್ನು ಕೆಂಪು ಬಣ್ಣ ಮಾಡಿ ‘ರೆಕಾರ್ಡಿಂಗ್‌ಗೆ ಬೇಡ’ ಎಂದು ಬರೆದೆ. ಯಾರು ಕೇಳಿದ್ದರು ನನ್ನ ತೀರ್ಪು? ಎರಡು ವಾರದ ಮೇಲೆ ದಾವಣಗೆರೆಯಿಂದ ಒಬ್ಬ ಮೆಸೇಜ್ ಮಾಡಿದ. ಅವನ ಭಾವ ಅದೇ ಮಾಡೆಲನ್ನು ಅರ್ಧ ಬೆಲೆಗೆ ಕೊಡುತ್ತಿದ್ದರಂತೆ, ನನ್ನ ಶೀಟ್ ನೋಡಿ ಬೇಡ ಅಂದನಂತೆ. ಆಮೇಲೆ ಭಾವನ ಮನೆಗೆ ಹೋದಾಗ ತಾನೇ ಅಳೆದು ನೋಡಿದರೆ 190. ಮೊದಲು ಅಳೆದವರ ಲ್ಯಾಪ್‌ಟಾಪ್‌ನಲ್ಲಿ ಮೈಕ್‌ನ ಗದ್ದಲ ತೆಗೆಯುವ ‘ಎನ್‌ಹಾನ್ಸ್‌ಮೆಂಟ್’ ಆನ್ ಆಗಿತ್ತು. ಆ ಸೋಸುವ ಕೆಲಸಕ್ಕೂ ಸಮಯ ಬೇಕಲ್ಲ. ಅಷ್ಟರಲ್ಲಿ ಭಾವ ಲ್ಯಾಪ್‌ಟಾಪನ್ನು ಬೇರೆಯವರಿಗೆ ಮಾರಿಯಾಗಿತ್ತು.

ಅವತ್ತಿನಿಂದ ಶೀಟ್‌ನಲ್ಲಿ ಬಣ್ಣ ಹಾಕುವುದಿಲ್ಲ. ತಪ್ಪು ಸಾಲನ್ನು ಅಳಿಸುವುದೂ ಇಲ್ಲ. ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಾರೀಕು ಹಾಕಿ, ಯಾಕೆ ತಪ್ಪು ಅಂತ ಬರೆಯುತ್ತೇನೆ. ಸ್ಕ್ರೀನ್‌ಶಾಟ್ ಇಲ್ಲದ ಸಾಲು ಸೇರಿಸುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಇಮೇಲ್, ಪೂರ್ತಿ ಹೆಸರು ಕಂಡರೆ ಕತ್ತರಿಸಿ ಕಳಿಸಿ ಅಂತ ವಾಪಸ್ ಕಳಿಸುತ್ತೇನೆ. ಇದಕ್ಕೆ ಸಿಟ್ಟು ಮಾಡಿಕೊಂಡವರೂ ಇದ್ದಾರೆ.

ಈ ಮಧ್ಯೆ ಡಿಗ್ರಿ ಮುಗಿದು, ನಿಮ್ಮೆಲ್ಲರ ಹಾಗೆ ನಾನೂ ಕೆಲಸ ಹುಡುಕುತ್ತಿದ್ದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಹುದ್ದೆಗೆ ಸಂದರ್ಶನ. ರೆಸ್ಯುಮೆಯಲ್ಲಿ ಪ್ರಾಜೆಕ್ಟ್ ಅಂತ ಹಾಕಲು ಗಟ್ಟಿಯಾದದ್ದು ಏನೂ ಇರಲಿಲ್ಲ, ಈ ಶೀಟನ್ನೇ ಹಾಕಿದ್ದೆ. ಸಂದರ್ಶನ ಮಾಡಿದ ಮೇಡಂ ಉಳಿದದ್ದೆಲ್ಲ ಬಿಟ್ಟು ಅದನ್ನೇ ಹಿಡಿದರು.

‘ವೈರ್‌ನಲ್ಲಿ ಹೋಗಲು ಸಮಯ ಹಿಡಿಯಲ್ವಾ? ಅದನ್ನ ಕಳೆದಿದ್ದೀರಾ?’

ಒಂದು ಮೀಟರ್ ವೈರ್‌ನಲ್ಲಿ ಸಿಗ್ನಲ್ ಹೋಗಲು ಕೆಲವು ನ್ಯಾನೊಸೆಕೆಂಡ್ ಸಾಕು, ಮಿಲಿಸೆಕೆಂಡ್ ಅಳೆಯುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ ಅಂದೆ. ತಲೆ ಆಡಿಸಿದರು.

‘ಒಂದು ಕಂಪ್ಯೂಟರನ್ನ ಎಷ್ಟು ಸಲ ಅಳೀತೀರಿ?’

‘ಒಂದು ಸಲ.’

‘ಎರಡನೇ ಸಲ ಅಷ್ಟೇ ಬರುತ್ತೆ ಅಂತ ಹೇಗೆ ಗೊತ್ತು?’

ನನಗೆ ಗೊತ್ತಿರಲಿಲ್ಲ. ಏನೋ ತೊದಲಿದೆ. ಆ ಕೆಲಸ ಸಿಗಲಿಲ್ಲ. ರಾತ್ರಿಯ ರೈಲಿನಲ್ಲಿ ವಾಪಸ್ ಬರುವಾಗ ಆ ಪ್ರಶ್ನೆಯೇ ತಲೆಯಲ್ಲಿ ಕೊರೆಯುತ್ತಿತ್ತು. ಮನೆಗೆ ಬಂದು, ಸಾಫ್ಟ್‌ವೇರ್ ಮುಚ್ಚಿ ತೆರೆದು ಹತ್ತು ಸಲ ಅಳೆದೆ. 212, 209, 214, 212 ಹೀಗೆ ಬಂತು. ಒಂದು ಸಲ ಮಾತ್ರ 231. ಈಗ ಶೀಟ್‌ನಲ್ಲಿ ‘ಎಷ್ಟು ಸಲ’, ‘ಕನಿಷ್ಠ’, ‘ಗರಿಷ್ಠ’, ‘ನಡುವಿನದು’ ಎಂಬ ಕಾಲಂಗಳಿವೆ. ಐದು ಸಲಕ್ಕಿಂತ ಕಡಿಮೆ ಅಳೆದಿದ್ದರೆ ಸಾಲು ಬೂದು ಬಣ್ಣದಲ್ಲಿರುತ್ತದೆ. (ಬಣ್ಣ ಹಾಕುವುದಿಲ್ಲ ಅಂದೆನಲ್ಲ, ಇದೊಂದನ್ನು ಬಿಟ್ಟು.)

ನೀವೂ ಅಳೆಯುವುದಾದರೆ ಎರಡು ಎಚ್ಚರಿಕೆ. ವಾಲ್ಯೂಮ್ ತೀರಾ ಕಡಿಮೆ ಇಟ್ಟು ಶುರು ಮಾಡಿ, ಹೆಡ್‌ಫೋನ್ ತೂತಿನ ಸದ್ದು ಮೈಕ್‌ಗೆ ಜೋರಾಗಿಬಿಡುತ್ತದೆ. ಸ್ಪೀಕರ್‌ನ ಆಂಪ್ಲಿಫೈಯರ್‌ನಿಂದ ಮೈಕ್ ತೂತಿಗೆ ಮಾತ್ರ ಯಾವತ್ತೂ ವೈರ್ ಹಾಕಬೇಡಿ, ಸುಟ್ಟು ಹೋದೀತು. ವೈರ್ ಸಿಗದಿದ್ದರೆ ಇಯರ್‌ಫೋನನ್ನು ಲ್ಯಾಪ್‌ಟಾಪ್‌ನ ಮೈಕ್‌ಗೆ ಒತ್ತಿ ಹಿಡಿದರೂ ಸಾಕು, ಅಂಕಿ ಹೆಚ್ಚು ಕಡಿಮೆ ಸರಿಯಾಗೇ ಬರುತ್ತದೆ.

ಶೀಟ್‌ನಲ್ಲಿ ಐವತ್ತೆಂಟು ಸಾಲು ಆದ ಮೇಲೆ ಒಂದು ಭಾನುವಾರ ಹೇಳದೆ ಕೇಳದೆ ಭದ್ರಾವತಿ ಬಸ್ ಹತ್ತಿದೆ. ಅವನ ಅಮ್ಮ ಬಾಗಿಲು ತೆಗೆದು, ‘ಬಾರಮ್ಮ, ಎಷ್ಟು ದಿನ ಆಯ್ತು’ ಅಂದರು. ತಬಲಾ ಅಟ್ಟದ ಮೇಲಿತ್ತು. ಅವನು ನನ್ನನ್ನು ನೋಡಿ ಏನೂ ಹೇಳಲಿಲ್ಲ, ಕುರ್ಚಿ ಎಳೆದು ಕೊಟ್ಟ. ಲ್ಯಾಪ್‌ಟಾಪ್ ತೆರೆದು ಶೀಟ್ ತೋರಿಸಿದೆ. ಎಂಎಂಇ ದಾರಿಯಲ್ಲಿ ಅಳೆದ ಹತ್ತೊಂಬತ್ತು ಸಾಲುಗಳಲ್ಲಿ 130ಕ್ಕೆ ಹತ್ತಿರ ಬಂದವು ನಾಲ್ಕೇ ನಾಲ್ಕು. ಉಳಿದವರೆಲ್ಲ ಏನೂ ಬದಲಿಸದೆ ರೆಕಾರ್ಡ್ ಮಾಡಿದರೆ ಅವನಂತೆಯೇ ಹಿಂದೆಯೋ, ಇಲ್ಲವೇ ಮುಂದೆಯೋ ಬೀಳುವವರೇ. ‘ಎಲ್ಲರದ್ದೂ ಹಿಂದೆ ಬೀಳುತ್ತಾ ಅಂತ ಕೇಳಿದ್ಯಲ್ಲ’ ಅಂದೆ. ಅವನು ಒಂದೊಂದೇ ಸಾಲನ್ನು ಬೆರಳಿಟ್ಟು ಓದುತ್ತಾ ಹೋದ.

ಆಮೇಲೆ ಹಳೆಯ ಹಾಡು ತೆರೆದೆ. ಏಳನೇ ಟೇಕ್ ಮೇಲೇ ಇತ್ತು, ಅದನ್ನೇ 82 ಮಿಲಿಸೆಕೆಂಡ್ ಹಿಂದಕ್ಕೆ ಎಳೆದು ಹಾಕಿದೆ. ತಬಲಾ ಈಗ ಕೆಲವು ಕಡೆ ಹಾಡಿಗಿಂತ ಮುಂದೆ ಓಡುತ್ತಿತ್ತು. ನನ್ನ ಎದೆ ಧಸಕ್ಕೆಂದಿತು, ಇಷ್ಟೆಲ್ಲ ಮಾಡಿ ಲೆಕ್ಕವೇ ತಪ್ಪೇ ಅಂತ.

ಅವನು ಮೊದಲ ಸಲ ನಕ್ಕ. ‘ಅದು ಏಳನೇದು. ನೀನು ಬೈದಿದ್ದಕ್ಕೆ ಬೇಕಂತಲೇ ಮುಂಚೆ ಹೊಡೆದೆ ಕಣೇ, ನಿನಗೆ ಸರಿ ಕೇಳಲಿ ಅಂತ. ಮೊದಲನೇದು ಹಾಕು.’

ಮೊದಲನೆಯದು ಹಾಕಿದೆ. ಹಾಡು ಮುಗಿಯುವವರೆಗೆ ಅವನ ಬೆರಳು ಮಂಡಿಯ ಮೇಲೆ ನಡೆಯುತ್ತಿತ್ತು. ಕೋಣೆಯೊಳಗಿಂದ ಅವನ ಅಮ್ಮ, ‘ಯಾರೋ ನುಡಿಸಿರೋದು?’ ಅಂತ ಕೇಳಿದರು.

ನಾನು ಕ್ಷಮೆ ಕೇಳಿದೆ. ಅವನು ‘ಆಯ್ತು ಬಿಡೇ’ ಅಂದ. ಪರೀಕ್ಷೆಗೆ ಮತ್ತೆ ಕಟ್ಟುತ್ತೀಯಾ ಅಂದದ್ದಕ್ಕೆ ‘ನೋಡೋಣ’ ಅಂದ, ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ನಾನು ಹೊರಡುವಾಗ ಆ ವೈರ್ ಮತ್ತು ಸ್ಪ್ಲಿಟರನ್ನು ಇಟ್ಟು ಹೋಗು ಅಂದ. ಬುಧವಾರ ಶೀಟ್‌ಗೆ ಒಂದು ಹೊಸ ಸಾಲು ಬಂತು. ಡೆಸ್ಕ್‌ಟಾಪ್, ವಿಂಡೋಸ್, ಎಂಎಂಇ, ಹನ್ನೆರಡು ಸಲ ಅಳೆದದ್ದು, ನಡುವಿನದು 187. ಸ್ಕ್ರೀನ್‌ಶಾಟ್‌ನ ಮೂಲೆಯಲ್ಲಿ ಅವನ ಇಮೇಲ್ ಕಾಣುತ್ತಿತ್ತು. ಕತ್ತರಿಸಿ ಕಳಿಸು ಅಂತ ವಾಪಸ್ ಕಳಿಸಿದೆ.